ಬೀಡಿ ಹೊರಗ, ಕೂಸು ಒಳಗ

ನಮ್ಮ ಭಾಗದಲ್ಲಿ ತಂಬಾಕಿನ ಮಾತು ಎಂದರೆ ರೇಟಿನ ಮಾತು. ಭೋಜದ ಕಟ್ಟೆಯ ಮೇಲೆ ನಾಲ್ಕು ಜನ ಹಳೆಯ ರೈತರು ಕೂಡಲಿ, ನಿಪ್ಪಾಣಿಯ ಚಹಾದಂಗಡಿಯಲ್ಲಿ ಇಬ್ಬರು ಭೇಟಿಯಾಗಲಿ, ಯಾವ ವರ್ಷ ಎಷ್ಟು ರೇಟು ಇತ್ತು, ಯಾವ ವ್ಯಾಪಾರಿ ತೂಕದಲ್ಲಿ ಎಷ್ಟು ಮುರಿದ, ಯಾರ ದುಡ್ಡು ಯಾರ ಹತ್ತಿರ ಉಳಿಯಿತು ಎಂಬಲ್ಲಿಗೆ ಮಾತು ಬಂದೇ ಬರುತ್ತದೆ. ದೂಧಗಂಗಾ, ವೇದಗಂಗಾ ಎರಡೂ ಕೂಡುವ ಊರು ನಮ್ಮದು. ಈಗ ಹೊಳೆ ನೀರು ಮುಟ್ಟಿದಲ್ಲೆಲ್ಲ ಕಬ್ಬು. ಆದರೂ ಅರವತ್ತು ದಾಟಿದವರಿಗೆ ಬೆಳೆ ಅಂದರೆ ಇನ್ನೂ ತಂಬಾಕೇ.

ಅಷ್ಟು ಮಾತಾಡುವ ನಾವು ಒಂದು ವಿಷಯ ಮಾತ್ರ ಎತ್ತುವುದಿಲ್ಲ. ಇಲ್ಲಿಂದ ಹೋದ ತಂಬಾಕು ಬೀಡಿಯಾಗಿ ತಿರುಗಿ ನಮ್ಮದೇ ಪಡಸಾಲೆಗೆ ಬಂದು ಸುಟ್ಟಾಗ, ಆ ಹೊಗೆ ಯಾರ ಎದೆಗೆ ಹೋಗುತ್ತದೆ? ಸೇದುವವನ ಎದೆಗೆ ಹೋಗುವುದು ಎಲ್ಲರಿಗೂ ಗೊತ್ತು. ಅದೇ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿರುತ್ತದಲ್ಲ, ಅದರ ಕಥೆ ಏನು?

1981 ನಿಪ್ಪಾಣಿಯವರು ಮರೆಯದ ವರ್ಷ. ಶರದ್ ಜೋಶಿಯವರ ಮುಂದಾಳುತನದಲ್ಲಿ ತಂಬಾಕು ಬೆಳೆಗಾರರು ಸರಿಯಾದ ಬೆಲೆ ಬೇಕೆಂದು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೇ ಕುಳಿತರು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು, ರೈತರು ಸತ್ತರು. ನಮ್ಮ ಅಪ್ಪ ಆಗ ಇಪ್ಪತ್ಮೂರರ ಹುಡುಗ, ರೊಟ್ಟಿ ಗಂಟು ಕಟ್ಟಿಕೊಂಡು ಹೋಗಿ ರಸ್ತೆಯ ಮೇಲೆ ಮಲಗಿದವರಲ್ಲಿ ಒಬ್ಬ. ಬೀಡಿ ಸೇದುವುದನ್ನು ಕಲಿತದ್ದೂ ಅಲ್ಲೇ ಅಂತೆ. "ರಾತ್ರಿ ಥಂಡಿ ಇತ್ತು, ಯಾರೋ ಒಂದು ಕೊಟ್ರು" ಎಂದು ಹೇಳುತ್ತಾನೆ. ಹೀಗಾಗಿ ಅಪ್ಪನ ಬೀಡಿಗೆ ಬರೀ ಚಟದ ಲೆಕ್ಕವಿಲ್ಲ, ಹೋರಾಟದ ಲೆಕ್ಕವೂ ಇದೆ.

ಅದೇ ವರ್ಷದ ಜನವರಿಯಲ್ಲಿ, ಅಂದರೆ ನಿಪ್ಪಾಣಿಯ ಗೋಲಿಬಾರಿಗೆ ಮೂರು ತಿಂಗಳು ಮೊದಲು, ಜಪಾನಿನ ತಕೇಶಿ ಹಿರಾಯಾಮಾ ಎಂಬ ವೈದ್ಯ ವಿಜ್ಞಾನಿಯ ಲೇಖನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ತಾವು ಎಂದೂ ಸಿಗರೇಟು ಸೇದದ 91,540 ಹೆಂಗಸರನ್ನು ಅವರು 14 ವರ್ಷ ಲೆಕ್ಕವಿಟ್ಟು ನೋಡಿದ್ದರು. ಗಂಡ ಹೆಚ್ಚು ಸೇದಿದಷ್ಟೂ, ಸೇದದ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚು ಎಂದು ತೋರಿಸಿದರು. ಸಿಗರೇಟು ಕಂಪನಿಗಳು ಈ ಲೆಕ್ಕ ತಪ್ಪು ಎಂದು ಬಹಳ ಗದ್ದಲ ಮಾಡಿದವು. ಆಮೇಲೆ ಬೇರೆ ಬೇರೆ ದೇಶದವರು ನೋಡಿದರು, ಲೆಕ್ಕ ನಿಂತಿತು. ಬೆಲೆಯ ಸುದ್ದಿ ನಮ್ಮೂರಿಗೆ ಅಂದೇ ಮುಟ್ಟಿತ್ತು. ಹೊಗೆಯ ಸುದ್ದಿ ನಮ್ಮ ಮನೆಗೆ ಮುಟ್ಟಲು ನಾಲ್ವತ್ತು ವರ್ಷದ ಮೇಲೆ ಬೇಕಾಯಿತು. ಅದೂ ಒಂದು ಆಸ್ಪತ್ರೆಯ ಚೀಟಿಯ ಮೇಲೆ.

ನಮ್ಮ ಅಣ್ಣನ ಮಗನಿಗೆ ಆಗ ಹತ್ತು ತಿಂಗಳು. ಚಳಿಗಾಲದಲ್ಲಿ ಎರಡು ಸಲ ಎದೆ ಗುರ್ ಗುರ್ ಎಂದು, ಪಕ್ಕೆ ಒಳಗೆ ಜಗ್ಗಿ, ಹಾಲು ಕುಡಿಯಲಾರದಂತಾಗಿ ನಿಪ್ಪಾಣಿಗೆ ಒಯ್ದಿದ್ದೆವು. ಎರಡನೇ ಸಲ ಮುಖಕ್ಕೆ ಮಾಸ್ಕ್ ಹಿಡಿದು ಔಷಧದ ಹಬೆ ಕೊಡುತ್ತಲೇ ಡಾಕ್ಟರ್ ಕೇಳಿದರು: "ಮನ್ಯಾಗ ಯಾರ ಬೀಡಿ ಸೇದ್ತೀರಿ?" ಅಣ್ಣ ನಮ್ಮ ಮುಖ ನೋಡಿದ. ನಾವು ವೈನಿಯ ಮುಖ ನೋಡಿದೆವು. ವೈನಿ ಕೂಸಿನ ಮುಖ ನೋಡಿದಳು. ಅಪ್ಪ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ, ಬಾಗಿಲು ತೆರೆದೇ ಇತ್ತು. ಯಾರೂ ಉತ್ತರ ಹೇಳಲಿಲ್ಲ. ಡಾಕ್ಟರಿಗೆ ಉತ್ತರ ತಿಳಿಯಿತು. ಔಷಧದ ಚೀಟಿಯ ಕೊನೆಯಲ್ಲಿ ಒಂದು ಸಾಲು ಬರೆದು ಅಡಿಗೆರೆ ಎಳೆದರು: ಮನೆಯೊಳಗೆ ಹೊಗೆ ಬೇಡ.

ಮನೆಗೆ ಬಂದ ಮೇಲೆ ಔಷಧ ತಂದೆವು, ಸಿರಪ್ ತಂದೆವು. ಆ ಸಾಲನ್ನು ಓದಿ ಹೇಳುವವರು ಮಾತ್ರ ಯಾರೂ ಇಲ್ಲ. ತಹಶೀಲ್ದಾರರ ಎದುರು ಮೈಕ್ ಹಿಡಿದು ನೆರೆ ಪರಿಹಾರ ಯಾಕೆ ಬಂದಿಲ್ಲ ಎಂದು ಕೇಳುವುದು ನಮಗೆ ಸುಲಭ. ಅಪ್ಪನ ಎದುರು ನಿಂತು "ಅಪ್ಪಾ, ಬೀಡಿ ಹೊರಗ ಸೇದ" ಎನ್ನುವುದಕ್ಕೆ ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಪಾಠ ಇರಲಿಲ್ಲ! ಸೊಸೆ ಹೇಳಿದರೆ ಮಾವನಿಗೆ ಎದುರು ಮಾತಾಡಿದಳು ಎಂದಾಗುತ್ತದೆ. ಮಗ ಹೇಳಿದರೆ ಹೆಂಡತಿಯ ಮಾತು ಕೇಳಿ ಹೇಳಿದ ಎಂದಾಗುತ್ತದೆ. ಇದು ನಮ್ಮ ಮನೆಯೊಂದರ ಕಥೆಯಲ್ಲ. ಸುದ್ದಿಗೆಂದು ಹೋದ ಎಷ್ಟೋ ಮನೆಗಳಲ್ಲಿ ನೋಡಿದ್ದೇವೆ, ಅಜ್ಜ ಬೀಡಿ ಹಚ್ಚಿದ ಕೂಡಲೇ ಕೂಸನ್ನು ಎತ್ತಿಕೊಂಡು ಸುಮ್ಮನೆ ಅಡಿಗೆಮನೆಗೆ ಹೋಗುವ ಸೊಸೆಯನ್ನು. ಹೊಗೆ ಕೆಟ್ಟದ್ದೆಂದು ಅವಳಿಗೆ ಯಾರೂ ತಿಳಿಸಿ ಹೇಳಬೇಕಾಗಿಲ್ಲ. ಹೇಳಲು ಬಾಯಿಲ್ಲ, ಅಷ್ಟೇ.

ಆದರೆ ಅಡಿಗೆಮನೆಯಲ್ಲಿ ಏನಿತ್ತು?

ಅಲ್ಲಿ ನಮ್ಮ ಅವ್ವ ಮಿಶ್ರಿ ಹುರಿಯುತ್ತಿದ್ದಳು. ಈ ಕಡೆಯವರಿಗೆ ಮಿಶ್ರಿ ಎಂದರೆ ಏನೆಂದು ಹೇಳಬೇಕಿಲ್ಲ. ಬೇರೆ ಜಿಲ್ಲೆಯ ಓದುಗರಿಗಾಗಿ ಹೇಳುತ್ತೇವೆ: ತಂಬಾಕನ್ನು ರೊಟ್ಟಿ ಬೇಯಿಸುವ ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು, ಪುಡಿ ಮಾಡಿ ಡಬ್ಬಿಯಲ್ಲಿ ಇಡುತ್ತಾರೆ. ಬೆಳಿಗ್ಗೆ ಹಲ್ಲು ತಿಕ್ಕಲಿಕ್ಕೆ ಎಂದು ಶುರುವಾಗುತ್ತದೆ, ಆಮೇಲೆ ಮಧ್ಯಾಹ್ನ ಒಮ್ಮೆ, ಮಲಗುವಾಗ ಒಮ್ಮೆ. ಮಹಾರಾಷ್ಟ್ರದಲ್ಲೂ ನಮ್ಮ ಗಡಿಯ ಊರುಗಳಲ್ಲೂ ಬೀಡಿ ಎಂದರೆ ಮೂಗು ಮುರಿಯುವ ಹೆಂಗಸರ ಸೊಂಟದಲ್ಲೇ ಮಿಶ್ರಿ ಡಬ್ಬಿ ಇರುತ್ತದೆ. ಅದು ಹುರಿಯುವ ದಿನ ಮನೆಯವರೆಲ್ಲ ಕೆಮ್ಮುತ್ತಾರೆ, ಕಣ್ಣಲ್ಲಿ ನೀರು ಬರುತ್ತದೆ, ಬೆಕ್ಕು ಕೂಡ ಹೊರಗೆ ಓಡುತ್ತದೆ. ಅದು ತಂಬಾಕಿನದೇ ಹೊಗೆ. ಬೀಡಿಯ ತುದಿಯಲ್ಲಿ ಸುಡುವುದೂ ಅದೇ ಎಲೆ, ಹಂಚಿನ ಮೇಲೆ ಕರಕಾಗುವುದೂ ಅದೇ ಎಲೆ. ಆದರೆ ಧೂಮಪಾನ ಎಂದು ಗೋಡೆಯ ಮೇಲೆ ಬರೆಯುವಾಗ ಯಾರೂ ಹಂಚಿನ ಚಿತ್ರ ಬರೆಯುವುದಿಲ್ಲ.

ಅವತ್ತು ಕೂಸು ಮತ್ತೆ ಕೆಮ್ಮಲು ಶುರು ಮಾಡಿತು. ಅವ್ವ ಒಲೆಯ ಮುಂದೆ ಕುಳಿತೇ ಪಡಸಾಲೆಗೆ ಕೇಳುವಂತೆ ಕೂಗಿದಳು: "ಕೂಸ ಸಾಯಾಕತ್ತೈತಿ, ಇವರ ಬೀಡಿ ಒಂದ ಆರಂಗಿಲ್ಲ." ಪಡಸಾಲೆಯಿಂದ ಅಪ್ಪ ಎದ್ದು ಬಂದ. ಬಾಗಿಲಲ್ಲಿ ನಿಂತು ಹಂಚನ್ನು ನೋಡಿದ. "ನನ್ನ ಬೀಡಿ ಹೊಗಿ ಹೊಗಿ, ನಿನ್ನ ಮಿಶ್ರಿ ಹೊಗಿ ಏನ್ ಲೋಬಾನ ಅದ ಏನ?" ಎಂದ.

ಯಾರೂ ನಗಲಿಲ್ಲ. ನಾವು ಮತ್ತು ಅಣ್ಣ ಒಬ್ಬರ ಮುಖ ಒಬ್ಬರು ನೋಡಿದೆವು. ಅವ್ವ ಹಂಚನ್ನು ಕೆಳಗಿಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಸ್ವಲ್ಪ ಹೊತ್ತು ಆದ ಮೇಲೆ ಅಪ್ಪನೇ ಹೇಳಿದ: "ನೀ ಹೊರಗ ಹುರಿ. ನಾನೂ ಹೊರಗ ಸೇದ್ತೀನಿ." ಡಾಕ್ಟರ್ ಬರೆದ ಸಾಲು ಹದಿನೈದು ದಿನ ಮಾಡದ ಕೆಲಸವನ್ನು ಗಂಡ-ಹೆಂಡಿರ ಜಗಳ ಎರಡು ನಿಮಿಷದಲ್ಲಿ ಮಾಡಿತು. ಅಪ್ಪ ಸೋತೆ ಎಂದು ಹೊರಗೆ ಹೋಗಲಿಲ್ಲ. ಇಬ್ಬರೂ ಕೂಡಿ ಒಪ್ಪಂದ ಮಾಡಿಕೊಂಡು ಹೋದರು. ಅದಕ್ಕೇ ಅದು ಉಳಿಯಿತು ಎಂದು ನಮಗೆ ಅನ್ನಿಸುತ್ತದೆ. ಹಿರಿಯರನ್ನು ಅಪರಾಧಿ ಮಾಡಿ ಕೂಡಿಸಿದರೆ ಬೀಡಿ ಹಿತ್ತಲಿಗೆ ಹೋಗಿ ಕದ್ದು ಸೇದುವುದಾಗುತ್ತದೆ, ಸಿಟ್ಟು ಬಂದ ದಿನ ತಿರುಗಿ ಪಡಸಾಲೆಗೇ ಬರುತ್ತದೆ.

ಕೂಸಿಗೇ ಯಾಕೆ ಇಷ್ಟು ತ್ರಾಸು ಎಂದು ಕೇಳುವವರು ಒಂದು ಕೆಲಸ ಮಾಡಿ. ಮಲಗಿದ ಹಸುಗೂಸಿನ ಹೊಟ್ಟೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ನಾವು ದೊಡ್ಡವರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡಿದರೆ ಅದು ಮೂವತ್ತರಿಂದ ಅರವತ್ತು ಸಲ ಉಸಿರಾಡುತ್ತದೆ. ಒಂದೇ ಕೋಣೆ, ಒಂದೇ ಗಾಳಿ, ಆದರೆ ಅದರ ಪುಟ್ಟ ಮೈಗೆ ಹೋಲಿಸಿದರೆ ಒಳಗೆ ಹೋಗುವ ಹೊಗೆ ನಮಗಿಂತ ಹೆಚ್ಚು. ಉಸಿರಿನ ನಾಳ ಬಲು ಸಣ್ಣದು, ಸ್ವಲ್ಪ ಬಾತರೂ ಸಾಕು, ದಾರಿ ಕಟ್ಟುತ್ತದೆ. ನಮಗೆ ಉಸಿರುಗಟ್ಟಿದರೆ ಎದ್ದು ಹೊರಗೆ ಹೋಗುತ್ತೇವೆ, ತೊಟ್ಟಿಲಲ್ಲಿ ಇರುವುದು ಎದ್ದು ಹೋಗುವುದಿಲ್ಲ.

ಬೀಡಿಯ ಹೊಗೆಯಲ್ಲಿ ಎರಡು ಪಾಲು. ಸೇದುವವನು ಎಳೆದು ಬಿಡುವ ಹೊಗೆ ಒಂದು, ಕೈಯಲ್ಲಿ ಹಿಡಿದಾಗ ತುದಿಯಿಂದ ತಾನೇ ಏಳುವ ಹೊಗೆ ಇನ್ನೊಂದು. ಕೋಣೆಯಲ್ಲಿ ತುಂಬುವುದರಲ್ಲಿ ಈ ತುದಿಯ ಹೊಗೆಯ ಪಾಲೇ ದೊಡ್ಡದು. ತಂಬಾಕಿನ ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು ಎಪ್ಪತ್ತು ಕ್ಯಾನ್ಸರ್ ತರುವಂಥವು. ನಿಕೋಟಿನ್ ದೇಹದೊಳಗೆ ಹೋದ ಮೇಲೆ ಕೋಟಿನಿನ್ ಎಂಬ ವಸ್ತುವಾಗಿ ಮೂತ್ರದಲ್ಲಿ ಬರುತ್ತದೆ. ಬೀಡಿಯನ್ನು ಕೈಯಿಂದ ಮುಟ್ಟದ ಮಕ್ಕಳ ಮೂತ್ರದಲ್ಲೂ ಅದು ಸಿಗುತ್ತದೆ, ಮನೆಯಲ್ಲಿ ಸೇದುವವರು ಇದ್ದರೆ ಸಾಕು. ಇಂಥ ಮನೆಯ ಮಕ್ಕಳಿಗೆ ನ್ಯುಮೋನಿಯಾ, ಕಿವಿ ಸೋರುವುದು, ಉಬ್ಬಸ ಹೆಚ್ಚು. ಮಲಗಿದಲ್ಲೇ ಕಾರಣವಿಲ್ಲದೆ ಹಸುಗೂಸು ತೀರಿಹೋಗುವ ಸಂಭವವೂ ಹೆಚ್ಚು. 2004ರ ಅಂಕಿಗಳನ್ನು ಹಿಡಿದು ಜಗತ್ತಿನ ಲೆಕ್ಕ ಮಾಡಿದವರು, ಬೇರೆಯವರ ಹೊಗೆಯಿಂದ ಆ ಒಂದು ವರ್ಷ ಸತ್ತವರು ಸುಮಾರು ಆರು ಲಕ್ಷ, ಅವರಲ್ಲಿ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಮಕ್ಕಳು ಎಂದರು. ಮಕ್ಕಳ ಸಾವು ಬಹುಪಾಲು ಎದೆಯ ಸೋಂಕಿನಿಂದಲೇ.

ನಮ್ಮ ದೇಶದ ಮಾತಿಗೆ ಬಂದರೆ, 2009-10ರ ಸರ್ಕಾರಿ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ ನೂರಕ್ಕೆ 52 ಜನ ಮನೆಯಲ್ಲೇ ಬೇರೆಯವರ ಹೊಗೆ ಕುಡಿಯುತ್ತಿದ್ದರು. 2016-17ರಲ್ಲಿ ಅದು 39ರ ಹತ್ತಿರ ಇಳಿಯಿತು. ಇಳಿದದ್ದು ಒಳ್ಳೆಯದೇ. ಆದರೆ ನೂರರಲ್ಲಿ ಮೂವತ್ತೊಂಬತ್ತು ಎಂದರೆ ಒಂದು ಓಣಿಯಲ್ಲಿ ಎಷ್ಟು ಮನೆಯಾಯಿತು, ನೀವೇ ಎಣಿಸಿ.

ಕಟ್ಟೆಯ ಮೇಲೆ ಈ ವಿಷಯ ಎತ್ತಿದರೆ ಬರುವ ಮಾತುಗಳು ನಮಗೆ ಈಗ ಬಾಯಿಪಾಠವಾಗಿವೆ. ಮೊದಲನೆಯದು: "ಖಿಡಕಿ ತಗದ ಸೇದ್ತೀವ್ರಿ, ಫ್ಯಾನ್ ಹಚ್ಚತೀವಿ." ಫ್ಯಾನ್ ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಮನೆಯ ಮೂಲೆ ಮೂಲೆಗೆ ಹಂಚುತ್ತದೆ. ಕಣ್ಣಿಗೆ ಕಾಣುವ ಹೊಗೆ ಹೋದ ಮೇಲೂ ಕಾಣದ ಕಣಗಳು ತಾಸುಗಟ್ಟಲೆ ತೇಲುತ್ತವೆ. ಬಾಗಿಲ ಹೊಸ್ತಿಲಲ್ಲಿ ನಿಂತು ಸೇದಿದರೂ ಗಾಳಿ ಒಳಗೆ ಬೀಸಿದರೆ ಒಳಗೇ ಬರುತ್ತದೆ. ಇನ್ನೊಂದು ಮಾತು: "ಕೂಸ ಮಲಗಿದಾಗ ಸೇದ್ತೀನಿ." ಮಲಗಿದ ಕೂಸು ಉಸಿರಾಡುವುದನ್ನು ನಿಲ್ಲಿಸುವುದಿಲ್ಲವಲ್ಲ.

ಇವೆಲ್ಲಕ್ಕಿಂತ ತೂಕದ ಮಾತು ಹೇಳಿದವನು ನಮ್ಮೂರಿನ ಒಬ್ಬ ಹಿರಿಯ ಕಾಕಾ. "ನಮ್ಮವ್ವ ಕಟಗಿ ಒಲಿ ಊದಿ ಊದಿ ನಮ್ಮನ್ನ ಬೆಳಸ್ಯಾಳ. ಕೂಸಿಗೆ ಎರದ ಮ್ಯಾಲ ಲೋಬಾನ ಹಾಕ್ತಿದ್ರು. ಬಾಣಂತಿ ಹೊರಸಿನ ಕೆಳಗ ಶೇಗಡಿ ಇಡ್ತಿದ್ರು. ಆ ಹೊಗ್ಯಾಗ ಬದುಕಿದ ಮಂದಿಗೆ ಒಂದ ಬೀಡಿ ಏನ್ ಮಾಡ್ತೈತಿ?" ಇದು ತಳ್ಳಿಹಾಕುವ ಮಾತಲ್ಲ. ಹೊಗೆ ಎಂದರೆ ಶುದ್ಧ, ಹೊಗೆ ಎಂದರೆ ಬೆಚ್ಚಗೆ ಎಂದು ನಂಬಿ ಬೆಳೆದ ಮನೆಗಳು ನಮ್ಮವು. ಒಲೆಯ ಹೊಗೆಯೂ ಮಕ್ಕಳ ಎದೆಗೆ ಕೆಟ್ಟದ್ದೇ, ಅದರಿಂದಲೂ ನ್ಯುಮೋನಿಯಾ ಬರುತ್ತದೆ. ಆ ಕಾಲದಲ್ಲಿ ಎಷ್ಟು ತೊಟ್ಟಿಲು ಖಾಲಿಯಾಗಿದ್ದವು ಎಂದು ಅದೇ ಕಾಕಾನನ್ನು ಕೇಳಿದೆವು. ಎಂಟು ಹಡೆದು ನಾಲ್ಕು ಉಳಿದ ತನ್ನ ತಾಯಿಯ ಲೆಕ್ಕವನ್ನು ಅವನೇ ಹೇಳಿದ. ಹೊಗೆಯೊಂದರಿಂದಲೇ ಸತ್ತವು ಎಂದು ನಾವು ಹೇಳುವುದಿಲ್ಲ. ಉಳಿದವರನ್ನು ತೋರಿಸಿ "ಏನೂ ಆಗಲಿಲ್ಲ" ಎನ್ನುವುದು ಮಾತ್ರ ಅರ್ಧ ಲೆಕ್ಕ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಎಷ್ಟೋ ಮನೆಗಳಿಗೆ ಗ್ಯಾಸ್ ಬಂತು, ಸಿಲಿಂಡರಿಗೆ ದುಡ್ಡು ಬೇಕು ಎಂಬುದು ಬೇರೆ ಮಾತು. ಬೀಡಿ ಹೊರಗೆ ಕಳಿಸಲು ಒಂದು ರೂಪಾಯಿಯೂ ಬೇಡ.

ಕಾನೂನು ಏನು ಮಾಡುತ್ತದೆ ಎಂದು ಕೇಳುತ್ತೀರಿ. 2003ರ ಕಾಯ್ದೆ ಇದೆ. 2008ರ ಅಕ್ಟೋಬರ್ 2ರಿಂದ ಬಸ್ ಸ್ಟ್ಯಾಂಡು, ಹೋಟೆಲು, ಕಚೇರಿಗಳಂಥ ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ ಎಂಬ ನಿಯಮ ಜಾರಿಯಲ್ಲಿದೆ. ನಮ್ಮ ರಾಜ್ಯ 2024ರಲ್ಲಿ ಅದಕ್ಕೆ ತಿದ್ದುಪಡಿ ಪಾಸು ಮಾಡಿ ದಂಡವನ್ನು ಸಾವಿರ ರೂಪಾಯಿಗೆ, ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು. ಆದರೆ ಇದೆಲ್ಲ ಮನೆಯ ಹೊಸ್ತಿಲ ತನಕ. ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತನ ಹೊಗೆಯಿಂದ ನಿಮ್ಮ ಮಗುವನ್ನು ಕಾಯಲು ಕಾಯ್ದೆ ಇದೆ, ಪಡಸಾಲೆಯಲ್ಲಿ ಕಾಯುವವರು ಮನೆಯವರೇ.

ನಮ್ಮ ಮನೆಯಲ್ಲಿ ಆದ ಏರ್ಪಾಡು ಹೀಗಿದೆ. ಬೀಡಿ, ಕಡ್ಡಿಪೆಟ್ಟಿಗೆ ಎರಡೂ ಮನೆಯೊಳಗೆ ಇಡುವುದಿಲ್ಲ, ಹೊರಗಿನ ಗೂಡಿನಲ್ಲಿ ಇರುತ್ತವೆ. ಕೈಗೆ ಸಿಗುವಂತೆ ದಿಂಬಿನ ಕೆಳಗೆ ಇದ್ದರೆ ನಸುಕಿನಲ್ಲಿ ಎದ್ದವನು ಅಲ್ಲೇ ಹಚ್ಚುತ್ತಾನೆ. ಸೇದುವ ಜಾಗ ಅಂಗಳ ದಾಟಿ, ಬೇವಿನ ಮರದ ಕೆಳಗೆ. ಸೇದಿ ಬಂದ ಮೇಲೆ ಕೈ ಬಾಯಿ ತೊಳೆದು, ಹೆಗಲ ಟವೆಲ್ ತೆಗೆದಿಟ್ಟು ಆಮೇಲೆ ಕೂಸನ್ನು ಎತ್ತಿಕೊಳ್ಳುವುದು, ಯಾಕೆಂದರೆ ಹೊಗೆಯ ಅಂಶ ಬಟ್ಟೆ, ಕೂದಲು, ಕೌದಿಯಲ್ಲಿ ಕೂಡುತ್ತದೆ, ಕೂಸು ಅಜ್ಜನ ಟವೆಲ್ಲನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ. ಈ ಕೊನೆಯದಕ್ಕೆ ಅಪ್ಪ ಬಹಳ ದಿನ ತಕರಾರು ಮಾಡಿದ. "ಮೊಮ್ಮಗನ್ನ ಎತ್ಕೊಳ್ಳಾಕ ಸ್ನಾನ ಮಾಡಿ ಮಡಿ ಉಟ್ಕೊಂಡ ಬರಬೇಕೇನ?" ಎಂದು. ಬರುವ ನೆಂಟರಿಗೂ ಅದೇ ನಿಯಮ. ನೆಂಟರಿಗೆ ಹೇಳುವ ಕೆಲಸವನ್ನು ಅಪ್ಪನೇ ವಹಿಸಿಕೊಂಡ. ಅದು ನಮಗೆ ಬಹಳ ಉಪಕಾರವಾಯಿತು, ಬೀಗರಿಗೆ ಬೀಡಿ ಬೇಡ ಎನ್ನುವ ಧೈರ್ಯ ಇನ್ನಾರಿಗಿತ್ತು?

ಬಿಟ್ಟೇ ಬಿಡಿ ಎಂದು ನಾವು ಯಾರೂ ಹೇಳಲಿಲ್ಲ. ಬಿಡುವವರಿಗೆ ಸರ್ಕಾರದ ಸಹಾಯವಾಣಿ ಇದೆ, 1800-11-2356, ದುಡ್ಡು ಹತ್ತುವುದಿಲ್ಲ. ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಆದರೆ ನಲವತ್ತು ವರ್ಷದ ಚಟ ಬಿಡುವ ತನಕ ಕೂಸು ಕಾಯುತ್ತ ಕೂಡಬೇಕಿಲ್ಲ. ಬೀಡಿ ಸಿಗರೇಟಿಗಿಂತ ಬೇಗ ಆರುತ್ತದೆ, ಉರಿಯಲೆಂದು ಮತ್ತೆ ಮತ್ತೆ ಎಳೆಯಬೇಕು, ಆರಿದರೆ ಮತ್ತೆ ಹಚ್ಚಬೇಕು. ಅಪ್ಪನಿಗೆ ಪ್ರತಿ ಸಲ ಮರದ ತನಕ ನಡೆಯುವುದು ಬೇಸರವಾಗಿ ದಿನಕ್ಕೆ ಎರಡು ಕಟ್ಟಿದ್ದದ್ದು ಒಂದರ ಹತ್ತಿರ ಬಂದಿದೆ. ಮಿಶ್ರಿ ಮಾತ್ರ ಅವ್ವ ಬಿಟ್ಟಿಲ್ಲ. ಹುರಿಯುವುದು ಈಗ ಹಿತ್ತಲಿನ ಮೂರು ಕಲ್ಲಿನ ಒಲೆಯ ಮೇಲೆ, ಕೂಸು ಓಣಿಯಲ್ಲಿ ಎಲ್ಲಿದೆ ಎಂದು ನೋಡಿಕೊಂಡ ಮೇಲೆ. ಡಬ್ಬಿ ಇನ್ನೂ ಸೊಂಟದಲ್ಲೇ ಇದೆ. ಅದು ಅವಳ ಬಾಯಿಗೆ ಏನು ಮಾಡುತ್ತದೆ ಎಂಬ ಜಗಳ ಬೇರೆಯದೇ ಇದೆ, ಮುಗಿದಿಲ್ಲ.

ಕೂಸಿಗೆ ಈಗ ಮೂರು ತುಂಬಿದೆ. ಕೆಮ್ಮು ನೆಗಡಿ ಬರುತ್ತವೆ, ಹೋಗುತ್ತವೆ. ಹೋದ ಚಳಿಗಾಲ ಹಬೆಯ ಮಷಿನ್ ಹತ್ತಿರ ಹೋಗಲಿಲ್ಲ. ಬೀಡಿ ಹೊರಗೆ ಹೋದದ್ದರಿಂದಲೇ ಎಂದು ಡಾಕ್ಟರ್ ಹೇಳಿಲ್ಲ, ಮಕ್ಕಳು ಬೆಳೆದಂತೆ ಎದೆಯೂ ಗಟ್ಟಿಯಾಗುತ್ತದೆ ಎಂದರು. ವೈನಿ ಮಾತ್ರ ತನ್ನ ಲೆಕ್ಕವೇ ಸರಿ ಎನ್ನುತ್ತಾಳೆ.

ಏರ್ಪಾಡಿಗೆ ಪೆಟ್ಟು ಬೀಳುವುದು ಮಳೆಗಾಲದಲ್ಲಿ. 2019ರ ಆಗಸ್ಟಿನಲ್ಲಿ, 2021ರ ಜುಲೈನಲ್ಲಿ ಈ ಹೊಳೆಗಳು ಎಷ್ಟು ತುಂಬಿದ್ದವು ಎಂದು ನಿಮಗೆ ಗೊತ್ತು. ಅಂಥ ನೆರೆ ಬಾರದ ವರ್ಷವೂ ಆಷಾಢದ ಜಿಟಿಜಿಟಿ ಮಳೆಯಲ್ಲಿ ಬೇವಿನ ಮರದ ಕೆಳಗೆ ನಿಲ್ಲಲಾಗುವುದಿಲ್ಲ. ಮೊದಲ ಮಳೆಗಾಲದಲ್ಲಿ ಬೀಡಿ ಮೆಲ್ಲಗೆ ಮರದಿಂದ ಕಟ್ಟೆಗೆ, ಕಟ್ಟೆಯಿಂದ ಹೊಸ್ತಿಲಿಗೆ ಬಂತು. ವೈನಿ ಏನೂ ಅನ್ನಲಿಲ್ಲ, ಕೂಸಿನ ಹಾಸಿಗೆಯನ್ನು ದಿನಕ್ಕೆ ಒಂದು ಕೋಣೆ ಹಿಂದಕ್ಕೆ ಒಯ್ದಳು. ನಾಲ್ಕನೇ ದಿನ ಅಣ್ಣ ನಿಪ್ಪಾಣಿಯಿಂದ ಮೂರು ಹಳೆಯ ತಗಡು ತಂದು ಕಣಕಿ ಬಣವಿಯ ಪಕ್ಕದಲ್ಲಿ ನಾಲ್ಕು ಕಂಬ ನೆಟ್ಟು ಹೊದಿಸಿದ. ಕುಳಿತುಕೊಳ್ಳಲು ಒಂದು ಹಳೆಯ ಹಲಗೆ. ಈಗ ಅದು ಅಪ್ಪನ ದರ್ಬಾರು. ಓಣಿಯ ನಾಲ್ಕೈದು ಜನ ಹಿರಿಯರು ತಮ್ಮ ತಮ್ಮ ಬೀಡಿ ಹಿಡಿದು ಅಲ್ಲಿಗೇ ಬರುತ್ತಾರೆ, ತಂಬಾಕಿನ ಹಳೆಯ ರೇಟಿನ ಮಾತು ಶುರುವಾಗುತ್ತದೆ. ಮಳೆಯಲ್ಲಿ ಕೊಡೆ ಹಿಡಿದು ಅಷ್ಟು ದೂರ ಚಹಾ ಒಯ್ಯಬೇಕಲ್ಲ ಎಂದು ವೈನಿ ಗೊಣಗುತ್ತಾಳೆ, ಆದರೆ ಒಯ್ಯುತ್ತಾಳೆ.